ಕಣ್ಣಿಗೆ ಬಿದ್ದದ್ದು ನುಸಿಯಲ್ಲ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಹೊಲ. ಮೆಕ್ಕೆಜೋಳ ಮುರಿದಾಗಿದೆ, ದಂಟು ಇನ್ನೂ ನಿಂತಿದೆ. ಮೊನ್ನೆಯಿಂದ ಕುರಿಮಂದೆ ಬಂದು ಬೀಡುಬಿಟ್ಟಿದೆ. ರಾತ್ರಿ ನಮ್ಮ ಹೊಲದಲ್ಲೇ ತರುಬುತ್ತಾರೆ. ಹಿಕ್ಕೆ, ಗಂಜಲ ಭೂಮಿಗೆ; ಕಾಳೋ ರೊಕ್ಕವೋ ಕುರಿಯವರಿಗೆ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನೋಡಿದ್ದನ್ನು ಹಾಗೇ ಬರೆಯುತ್ತೇನೆ. ಹರಡಿಕೊಂಡು ಮೇಯುತ್ತಿದ್ದ ಕುರಿಗಳಲ್ಲಿ ಒಂದು ತಟ್ಟನೆ ತಲೆ ಎತ್ತಿತು. ಮುಂಗಾಲನ್ನು ಎರಡು ಸಲ ನೆಲಕ್ಕೆ ಬಡಿಯಿತು. ತಲೆ ಕೊಡವಿ ನಾಲ್ಕು ಹೆಜ್ಜೆ ಓಡಿ ಇನ್ನೊಂದರ ಹೊಟ್ಟೆಯಡಿಗೆ ಮೂಗು ತೂರಿಸಿತು. ಅದನ್ನು ಕಂಡು ಮತ್ತೊಂದು, ಮಗದೊಂದು. ಐದು ನಿಮಿಷದಲ್ಲಿ ಮಂದೆಯೆಲ್ಲ ಒಂದೇ ಮುದ್ದೆ. ಬೆನ್ನುಗಳಷ್ಟೇ ಕಾಣುತ್ತವೆ, ಒಂದರ ಮುಖವೂ ಕಾಣದು. ಅಂಚಿಗೆ ಸಿಕ್ಕವಕ್ಕೆ ತೂರಿಸಲು ಹೊಟ್ಟೆ ಸಿಗಲಿಲ್ಲ. ಅವು ಮೂಗನ್ನು ಮಣ್ಣಿಗೆ ಒತ್ತಿಕೊಂಡು ನಿಂತವು. ಉಸಿರು ಬಿಟ್ಟಾಗ ಮೂಗಿನ ಮುಂದೆ ಧೂಳು ಎದ್ದು ಎದ್ದು ಬೀಳುತ್ತಿತ್ತು.

ಬಿಸಿಲಿನ ಝಳಕ್ಕೆ ಹೀಗೆ ಮಾಡುತ್ತಿವೆ ಎಂದುಕೊಂಡೆ. ಆದರೆ ಇಪ್ಪತ್ತು ಮಾರು ದೂರದಲ್ಲಿ ಜಾಲಿಮರ ಇದೆ, ಅದರಡಿ ಒಳ್ಳೆಯ ನೆರಳಿದೆ. ಒಂದು ಕುರಿಯೂ ಅತ್ತ ಹೋಗಲಿಲ್ಲ. ಯಾಕೆ?

*

ಕುರಿಯವನನ್ನು ಕೇಳಿದೆ. ಆತ ಕೋಲಿಗೆ ಗದ್ದ ಊರಿಕೊಂಡು ನಿಂತಿದ್ದ. ಕೇಳಿದ್ದೇ ವಿಚಿತ್ರ ಎಂಬಂತೆ ನೋಡಿ, ‘ನೊಣ ಬಂದೈತ್ರಿ’ ಅಂದ.

ಯಾವ ನೊಣ?

‘ಮೂಗಿಗೆ ಬರೂ ನೊಣ.’

ನನಗೆ ಒಂದೂ ಕಾಣಲಿಲ್ಲ. ಕುರಿಗಳಿಗೆ ಕಂಡಿದೆ.

*

ನಾವು ಬುದ್ಧಿಯಿಲ್ಲದವರನ್ನು ಕುರಿ ಅನ್ನುತ್ತೇವೆ. ಒಬ್ಬರ ಹಿಂದೆ ಒಬ್ಬರು ತಲೆತಗ್ಗಿಸಿ ಹೋದರೆ ಕುರಿಮಂದೆ ಅನ್ನುತ್ತೇವೆ. ಇಂದು ನೋಡಿದ್ದು ಬೇರೆ. ಪ್ರತಿ ಕುರಿಯೂ ತನ್ನ ಮೂಗಿನ ಹೊಳ್ಳೆಗಳನ್ನು ಕಾಯ್ದುಕೊಳ್ಳುತ್ತಿತ್ತು. ಹೊಳ್ಳೆ ಮುಚ್ಚಿಕೊಳ್ಳಲು ಅದಕ್ಕೆ ಕೈಯಿಲ್ಲ. ಇರುವುದು ಮಣ್ಣು, ಇಲ್ಲವೇ ಪಕ್ಕದ ಕುರಿಯ ಉಣ್ಣೆ.

*

ಆ ನೊಣದ ವಿಷಯ ಓದುತ್ತಿದ್ದೇನೆ. ಈಸ್ಟ್ರಸ್ ಓವಿಸ್. 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಈಸ್ಟ್ರಸ್ ಎಂಬುದರ ಬೇರು ಗ್ರೀಕರ ಒಂದು ಕತೆಯಲ್ಲಿದೆ: ಹಸುವಾಗಿ ಮಾರ್ಪಟ್ಟ ಅಯೋ ಎಂಬ ಹೆಣ್ಣನ್ನು ದೇಶದೇಶ ಅಟ್ಟಾಡಿಸಿದ ನೊಣ ಅದು. ಓವಿಸ್ ಎಂದರೆ ಕುರಿ. ಪುರಾಣದಲ್ಲಿ ಹಸುವನ್ನು ಓಡಿಸಿದ್ದು, ಶಾಸ್ತ್ರದಲ್ಲಿ ಕುರಿಯ ಪಾಲಿಗೆ ಬಂದಿದೆ.

ಗಾತ್ರದಲ್ಲಿ ಜೇನುನೊಣದಷ್ಟು. ಬೂದು ಮೈ, ಮೇಲೆ ಕರಿ ಚುಕ್ಕಿ. ಬಾಯಿ ಇದೆ ಎನ್ನುವುದಕ್ಕಷ್ಟೇ ಇದೆ, ಉಣ್ಣಲು ಬರುವುದಿಲ್ಲ. ರೆಕ್ಕೆ ಬಂದ ಮೇಲೆ ಬದುಕಿರುವ ಕೆಲವು ವಾರವೂ ಅದಕ್ಕೆ ಉಪವಾಸ. ಬದುಕಿನಲ್ಲಿ ಉಳಿದಿರುವುದು ಒಂದೇ ಕೆಲಸ, ಮರಿಹುಳಗಳನ್ನು ಕುರಿಯ ಮೂಗಿಗೆ ತಲುಪಿಸುವುದು.

ಅದು ಮೊಟ್ಟೆ ಇಡುವುದಿಲ್ಲ. ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಒಡೆದು ಮರಿಹುಳ ಸಿದ್ಧವಾಗಿರುತ್ತದೆ. ಹಾಲುಬಣ್ಣ, ಉದ್ದ ಸುಮಾರು 1 ಮಿಲಿಮೀಟರ್. ತಾಯಿನೊಣ ಕುರಿಯ ಮುಖದ ಮುಂದೆ ಗಾಳಿಯಲ್ಲಿ ತೇಲುತ್ತಲೇ, ಕೂರದೆ, ಹನಿಯೊಂದನ್ನು ಚಿಮ್ಮುತ್ತದೆ. ಆ ಹನಿಯಲ್ಲಿ ಮರಿಗಳಿರುತ್ತವೆ. ಬದುಕಿರುವಷ್ಟರಲ್ಲಿ ಒಂದು ನೊಣ ಹೀಗೆ 500ರವರೆಗೆ ಮರಿ ಚಿಮ್ಮಬಲ್ಲದು.

ಕುರಿಯ ಹೊಳ್ಳೆಯ ತೇವಕ್ಕೆ ಬಿದ್ದ ಮರಿ ಒಳಗೊಳಗೇ ತೆವಳಿ, ಹಣೆಯ ಹಿಂದಿನ ಟೊಳ್ಳುಗಳನ್ನು ಸೇರುತ್ತದೆ. ಅಲ್ಲಿ ಸಿಂಬಳ ತಿಂದು ಎರಡು ಸಲ ಪೊರೆ ಕಳಚಿ ಬೆಳೆಯುತ್ತದೆ. ಕೆಲವಕ್ಕೆ ತಿಂಗಳು ಸಾಕು, ಕೆಲವಕ್ಕೆ ಹಲವು ತಿಂಗಳು ಬೇಕು. ಬಲಿತಾಗ 2ರಿಂದ 3 ಸೆಂಟಿಮೀಟರ್ ಇರುತ್ತದೆ. ಆಮೇಲೆ ಕುರಿ ಸೀನುತ್ತದೆ, ಹುಳ ಮಣ್ಣಿಗೆ ಬೀಳುತ್ತದೆ, ಮಣ್ಣು ಹೊಕ್ಕು ಕೋಶ ಕಟ್ಟುತ್ತದೆ, ಕೆಲವು ವಾರಕ್ಕೆ ನೊಣವಾಗಿ ಏಳುತ್ತದೆ.

ನಮ್ಮ ಹೊಲದ ಮಣ್ಣೂ ಆ ಮಣ್ಣೇ.

*

ಕುರಿತಲೆ ಸುಟ್ಟು ಸೀಳುವವರಿಗೆ ಈ ಹುಳ ಹೊಸದಲ್ಲ. ಕೊಡಲಿಯಿಂದ ಬುರುಡೆ ಎರಡು ಹೋಳು ಮಾಡಿದಾಗ ಮೂಗಿನ ಒಳಗೋಡೆಯಲ್ಲಿ ಕೆನೆಬಣ್ಣದ ದಪ್ಪ ಹುಳ, ಬೆನ್ನಿಗೆ ಅಡ್ಡಡ್ಡ ಕಂದು ಪಟ್ಟೆ. ಚಿಕ್ಕಂದಿನಲ್ಲಿ ನೋಡಿದ್ದು ನೆನಪಿದೆ. ‘ಮಿದುಳಿನ ಹುಳ’ ಎಂದು ಹೇಳಿ ನೀರು ಹೊಡೆದು ತೊಳೆದುಬಿಟ್ಟರು. ಅದು ಮಿದುಳಿನದಲ್ಲ, ಮೂಗಿನದು.

ಕುರಿ ಸುತ್ತು ತಿರುಗಿ ತಿರುಗಿ ಬಿದ್ದು ಸಾಯುವ ಬೇನೆ ಬೇರೆ. ಅದು ನಾಯಿಯ ಕರುಳಿನ ಲಾಡಿಹುಳದಿಂದ ಬರುವುದು. ಅದರ ಮರಿ ಕುರಿಯ ಮಿದುಳಿನಲ್ಲಿ ನೀರಿನ ಚೀಲವಾಗಿ ಬೆಳೆಯುತ್ತದೆ. ಮೂಗಿನ ಹುಳ ಹೆಚ್ಚಾದ ಕುರಿಯೂ ತಲೆ ಓರೆ ಮಾಡಿ ತೂರಾಡುವುದರಿಂದ ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಮೂಗಿನ ಹುಳಕ್ಕೆ ಐವರ್ಮೆಕ್ಟಿನ್ ಕೆಲಸ ಮಾಡುತ್ತದೆ, ಮಿದುಳಿನ ಚೀಲದ ದಾರಿ ಬೇರೆ. ಕುರಿಯವರು ಔಷಧಿಗೆ ಹಾಕುವ ದುಡ್ಡು ಸುಮ್ಮನೆ ಬಂದದ್ದಲ್ಲ, ಆದ್ದರಿಂದ ಈ ವ್ಯತ್ಯಾಸ ಬರೆದಿಡುತ್ತಿದ್ದೇನೆ.

*

ಇಷ್ಟೆಲ್ಲ ಓದಲು ಶುರುಮಾಡಿದ್ದು ಕುರಿಗಾಗಿ ಅಲ್ಲ, ಒಂದು ವಿಡಿಯೋ ನೋಡಿದ ಮೇಲೆ.

ಗೆಳೆಯನೊಬ್ಬ ಪಟ್ಟಣದಲ್ಲಿ ಕಣ್ಣಿನ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಾನೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರಕ್ಕೆ ಮೊಬೈಲ್ ಹಿಡಿದು ತೆಗೆದದ್ದು, ಅರ್ಧ ನಿಮಿಷವೂ ಇಲ್ಲ. ಯಾರ ಕಣ್ಣು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರದೆ ತುಂಬ ಕಣ್ಣಿನ ಬಿಳಿಭಾಗ. ಅದರ ಮೇಲೆ ಕೆಂಪು ನರಗಳು ಕಾಲುವೆ ಒಡೆದಂತೆ ಹರಡಿವೆ. ಪಟ್ಟಿಯಂಥ ಬೆಳಕು ಎಡದಿಂದ ಬಲಕ್ಕೆ ಸರಿಯುತ್ತದೆ. ಆ ಬೆಳಕಿನ ದಾರಿಯಲ್ಲಿ ಏನೋ ಒಂದು: ಅಕ್ಕಿಯ ನುಚ್ಚಿಗಿಂತಲೂ ಸಣ್ಣದು, ಪಾರದರ್ಶಕ, ಒಂದು ತುದಿಯಲ್ಲಿ ಎರಡು ಕರಿ ಚುಕ್ಕಿ. ಬೆಳಕು ಮುಟ್ಟಿದ ಕೂಡಲೇ ಆ ನುಚ್ಚು ಮೈ ಕುಗ್ಗಿಸಿತು, ಹಿಗ್ಗಿಸಿತು, ಹೊರಟಿತು. ಬೆಳಕು ಹಿಂದೆ, ಅದು ಮುಂದೆ. ಕೆಳರೆಪ್ಪೆಯ ಅಂಚು ತಲುಪಿ ಒಳಗೆ ಜಾರಿಕೊಂಡಿತು. ಮತ್ತೆ ಬರೀ ಕೆಂಪು ಕಣ್ಣು, ಒಂದು ತುಂಬಿದ ಹನಿ.

ಮೂರು ಸಲ ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂತು.

*

ಆ ಕಣ್ಣಿನವರು ಹೇಳಿದ ಮಾತನ್ನು ಗೆಳೆಯ ಹಾಗೇ ಒಪ್ಪಿಸಿದ: ‘ಏನೋ ಬಂದು ಬಡೀತ್ರಿ. ನುಸಿ ಬಿತ್ತು ಅನ್ಕಂಡೆ. ಆಮ್ಯಾಗ ಒಳಗ ಹರದಾಡಾಕ ಹತ್ತಿತು.’

ಈ ಮಾತಿನಲ್ಲಿ ರೋಗದ ಇಡೀ ವಿವರ ಇದೆ. ಬಡೀತು: ನೊಣ ಹಾರುತ್ತಲೇ ಚಿಮ್ಮಿದ್ದು. ನುಸಿ ಅನ್ಕಂಡೆ: ಎಲ್ಲರೂ ಅಂದುಕೊಳ್ಳುವುದು. ಹರದಾಡಾಕ ಹತ್ತಿತು: ಬಿದ್ದದ್ದಕ್ಕೆ ಜೀವ ಇದೆ.

ಡಾಕ್ಟರರ ಪುಸ್ತಕದಲ್ಲೂ ಲಕ್ಷಣಗಳು ಇವೇ, ಇದೇ ಕ್ರಮದಲ್ಲಿ. ಆದರೆ ಔಷಧದ ಅಂಗಡಿಗೆ ಹೋಗಿ ‘ಕಣ್ಣಿಗೆ ನುಸಿ ಬಿತ್ತು, ಕೆಂಪಾಗೈತಿ’ ಅಂದರೆ ಸಿಗುವುದು ಮದ್ರಾಸ್ ಐಗೆ ಹಾಕುವ ಹನಿ. ಅದು ಹುಳವನ್ನು ಕೊಲ್ಲುವುದಿಲ್ಲ. ‘ಹರಿದಾಡುತ್ತದೆ’ ಎಂಬ ಕೊನೆಯ ಮಾತನ್ನು ಹೇಳುವ ಹೊತ್ತಿಗೆ ಹನಿಯ ಬಾಟಲಿ ಕೈಗೆ ಬಂದಿರುತ್ತದೆ.

*

ಯಾಕೆ ಕಣ್ಣು?

ಹೊಳ್ಳೆ ಹುಡುಕುವ ನೊಣ ಕಣ್ಣಿಗೆ ಯಾಕೆ ಬರಬೇಕು, ಅದೂ ಮನುಷ್ಯನ ಕಣ್ಣಿಗೆ? ಇದು ಹಲವು ದಿನ ಬಿಡಿಸಲಾಗದ ಗಂಟಾಗಿತ್ತು. ನೊಣಕ್ಕೆ ಬೇಕಾದದ್ದು ಕುರಿಯ ವಾಸನೆಯ ಜಾಗದಲ್ಲಿ, ಬಿಸಿಲಲ್ಲಿ, ತೇವವಾಗಿ ಹೊಳೆಯುವ ಒಂದು ಗುರಿ. ಕುರಿಗಳೆಲ್ಲ ಮೂಗು ಬಚ್ಚಿಟ್ಟುಕೊಂಡು ನಿಂತಾಗ ಅಲ್ಲಿ ತೆರೆದಿರುವ ತೇವ ಯಾವುದು? ಕೋಲಿಗೆ ಗದ್ದ ಊರಿ ನಿಂತವನ ಎರಡು ಕಣ್ಣು. ಹೀಗೆ ನಾನು ಅಂದುಕೊಂಡಿದ್ದೇನೆ. ಮಂದೆಯ ನಡುವೆ ನಿಂತು ನೋಡಿದರೆ ಬೇರೆ ಥರ ಅನ್ನಿಸುವುದೂ ಇಲ್ಲ.

ಕುರಿಯವರಿಗೆ ಮಾತ್ರ ಬರುವ ಬೇನೆಯೂ ಇದಲ್ಲ. ಮಂದೆ ದಾಟುವಾಗ ಬೈಕು ನಿಲ್ಲಿಸಿಕೊಂಡವರು, ಪಕ್ಕದ ಗದ್ದೆಯಲ್ಲಿ ಕಳೆ ಕೀಳುವವರು, ಕುರಿಯನ್ನು ಮುಟ್ಟಿಯೇ ಇಲ್ಲದವರು, ಯಾರಿಗೂ ಬರಬಹುದು. ದಕ್ಷಿಣ ಅಫ್ಘಾನಿಸ್ತಾನದಲ್ಲಿ ಪಾಳೆಯ ಬಿಟ್ಟಿದ್ದ ಸೈನಿಕರ ಕಣ್ಣಿಗೆ ಸಾಲುಸಾಲಾಗಿ ಈ ಹುಳ ಬಿದ್ದುದನ್ನು 2008ರಲ್ಲಿ ಡಾಕ್ಟರರು ವರದಿ ಮಾಡಿದರು. ಅವರು ಕುರಿ ಕಾಯಲು ಹೋದವರಲ್ಲ.

*

ಹುಳಕ್ಕೂ ಇದು ದಾರಿತಪ್ಪಿದ ಜಾಗ. ಮನುಷ್ಯನ ಕಣ್ಣಿನಲ್ಲಿ ಅದು ಮೊದಲ ಹಂತ ದಾಟಿ ಬೆಳೆಯುವುದು ತೀರ ಅಪರೂಪ. ಸಿಂಬಳವಿಲ್ಲ, ಕತ್ತಲ ಗುಹೆಯಿಲ್ಲ. ಹತ್ತು ದಿನದೊಳಗೆ ಸಾಯುತ್ತದೆ. ಹಾಗೆಂದು ಬಿಟ್ಟುಬಿಡುವ ಹಾಗಿಲ್ಲ. ಮುಂದಿನ ಎರಡು ಕರಿ ಚುಕ್ಕಿಗಳೆಂದರೆ ಕೊಕ್ಕೆಗಳು. ಮೈತುಂಬ ಸಾಲು ಮುಳ್ಳು. ಬಿಳಿಯ ಮೇಲಿನ ತೆಳು ಪೊರೆಯನ್ನು ಕೊಕ್ಕೆಯಿಂದ ಹಿಡಿದು ಎಳೆದುಕೊಂಡು ಓಡಾಡುತ್ತದೆ. ಕರಿಗುಡ್ಡೆಯ ಮೇಲೂ ಗೀರು ಬೀಳಬಹುದು. ಅಲ್ಲಿ ಗೀರು ಎಂದರೆ ಹುಣ್ಣಿಗೆ ಬಾಗಿಲು. ತೀರ ಅಪರೂಪಕ್ಕೆ ಕಣ್ಣಿನ ಒಳಗೇ ಹೊಕ್ಕು ದೃಷ್ಟಿ ಕೆಡಿಸಿದ ನೊಣಮರಿಗಳ ವರದಿಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಜಾತಿಯ ನೊಣಗಳವು.

ತೆಗೆಯುವ ರೀತಿ ಗೆಳೆಯ ಹೇಳಿದ್ದು: ಮೊದಲು ಕಣ್ಣು ಮರಗಟ್ಟುವ ಹನಿ. ಇಕ್ಕಳದಿಂದ ಒಂದೊಂದೇ. ಬರೀ ನೀರು ಹಾಯಿಸಿದರೆ ಎಲ್ಲವೂ ಬರುವುದಿಲ್ಲ, ಕೊಕ್ಕೆ ಹಿಡಿದುಕೊಂಡಿರುತ್ತದೆ. ಮೇಲುರೆಪ್ಪೆಯನ್ನು ಮಡಚಿ, ಮತ್ತೆ ಮಡಚಿ, ಗುಡ್ಡೆಯೂ ರೆಪ್ಪೆಯೂ ಕೂಡುವ ಸಂದಿಯ ತನಕ ನೋಡಬೇಕು, ಬೆಳಕಿಗೆ ಹೆದರಿದ್ದು ಅಡಗುವುದು ಅಲ್ಲೇ. ಸಿಕ್ಕಿದ್ದು ಮೂರಾದರೆ ನಾಲ್ಕನೆಯದು ಇದೆ ಎಂದೇ ತಿಳಿದು ಹುಡುಕಬೇಕು. ಮರುದಿನ ಮತ್ತೆ ಕರೆಸಿ ನೋಡಬೇಕು. ಆಮೇಲೆ ನಂಜಾಗದಂತೆ ಹನಿ. ಎಲ್ಲ ತೆಗೆದ ಮೇಲೆ ಕಣ್ಣು ಬೇಗ ತಿಳಿಯಾಗುತ್ತದೆ.

ಅವನು ಇನ್ನೊಂದು ಹೇಳಿದ. ಇಕ್ಕಳದ ತುದಿಯಲ್ಲಿ ಹಿಡಿದು ಗಾಜಿನ ಮೇಲೆ ಇಟ್ಟು ತೋರಿಸಿದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆಯಂತೆ: ‘ಇದು ಜೀವಂತ ಐತೇನ್ರಿ?’

*

ಹುಳ ಬೀಳುವುದು ಎಂಬ ಮಾತಿನ ಬಗ್ಗೆ.

ನಮ್ಮಲ್ಲಿ ಅದು ಬೈಗುಳ, ಬೈಗುಳಕ್ಕಿಂತ ಮೇಲೆ, ಶಾಪ. ಸುಳ್ಳು ಹೇಳಿದವನ ನಾಲಿಗೆಗೆ ಹುಳ ಬೀಳಲಿ, ಕೆಟ್ಟದ್ದು ನೋಡಿದವನ ಕಣ್ಣಾಗ ಹುಳ ಬೀಳಲಿ. ಜಗಳದಲ್ಲಿ ಈ ಮಾತು ಬಂದರೆ ಸುತ್ತ ನಿಂತವರು ಸುಮ್ಮನಾಗುತ್ತಾರೆ, ಅದಕ್ಕಿಂತ ಮುಂದೆ ಬೈಯಲು ಏನೂ ಉಳಿದಿಲ್ಲ. ಇಂಥ ಮಾತು ಬಾಯಲ್ಲಿರುವ ಊರಿನಲ್ಲಿ, ನಿಜವಾಗಿ ಕಣ್ಣಿಗೆ ಹುಳ ಬಿದ್ದವರು ಅದನ್ನು ನೆರೆಮನೆಗೆ ಹೇಗೆ ಹೇಳಿಯಾರು? ‘ಕಣ್ಣು ಬಂದಿತ್ತು, ಹೋಯ್ತು’ ಅನ್ನುತ್ತಾರೆ. ಗೆಳೆಯನೂ ಈ ಮಾತಿಗೆ ತಲೆದೂಗಿದ. ಹುಳ ತೋರಿಸಿದ ಮೇಲೆ ‘ಯಾರಿಗೂ ಹೇಳಬ್ಯಾಡ್ರಿ’ ಅಂದವರಿದ್ದಾರಂತೆ.

ಶಾಪದ ಮಾತು ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವಲ್ಲ. ಗಾಯಕ್ಕೆ ಹುಳ ಬೀಳುವುದನ್ನು ದನಕರುಗಳಲ್ಲಿ ಎಲ್ಲರೂ ನೋಡಿದ್ದಾರೆ. ಸೀತಾಫಲದ ಎಲೆ ಅರೆದು ತುಂಬುತ್ತಾರೆ. ಅದು ಬೇರೆಯೇ ನೊಣ, ಕ್ರೈಸೊಮಿಯಾ ಬೆಜಿಯಾನ, ವಿಲ್‌ನವ್ ಎಂಬಾತ 1914ರಲ್ಲಿ ವರ್ಣಿಸಿದ್ದು. ಅದರ ಮರಿಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ. ಹಾಸಿಗೆ ಹಿಡಿದ ಮುದುಕರು, ಮುಖದ ಮೇಲೆ ಬಹಳ ಕಾಲದ ಹುಣ್ಣಿದ್ದವರು, ಯಾರೂ ನೋಡಿಕೊಳ್ಳುವವರಿಲ್ಲದವರು ಅದಕ್ಕೆ ಸಿಕ್ಕರೆ ಇಡೀ ಕಣ್ಣೇ ಹೋಗುತ್ತದೆ. ಆ ಚಿತ್ರಗಳನ್ನೂ ನೋಡಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕುರಿಮೂಗಿನ ನೊಣಕ್ಕೆ ಗಾಯ ಬೇಕಿಲ್ಲ, ಕೊಳಕು ಬೇಕಿಲ್ಲ. ಮಿಂದು ಮಡಿಯುಟ್ಟು ನಿಂತವರ ಸ್ವಚ್ಛ ಕಣ್ಣಿಗೂ ಅದು ಚಿಮ್ಮುತ್ತದೆ. ಇಲ್ಲಿ ನಾಚಿಕೆಪಡಬೇಕಾದ ತಪ್ಪು ಯಾರದ್ದೂ ಇಲ್ಲ. ಎರಡಕ್ಕೂ ಒಂದೇ ‘ಹುಳ ಬಿತ್ತು’ ಅನ್ನುವುದರಿಂದ ಒಂದರ ಹೇಸಿಗೆ ಇನ್ನೊಂದಕ್ಕೆ ಅಂಟಿಕೊಂಡಿದೆ. ನನಗೆ ಇದು ತುಂಬ ನೋವಿನ ವಿಷಯ.

*

ಕರಾವಳಿ ಕಡೆ ಕಣ್ಣಿನಿಂದ ಉದ್ದನೆಯ ದಾರದಂಥ ಹುಳ ತೆಗೆದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಅದು ಸೊಳ್ಳೆಯಿಂದ ಬರುವ, ನಾಯಿಯ ಹುಳ. ನೊಣದ ಮರಿಯಲ್ಲ. ಇಲ್ಲಿಗೆ ಸೇರಿದ್ದಲ್ಲ, ಗೊಂದಲವಾಗದಿರಲೆಂದು ಬರೆದೆ.

*

ಅಜ್ಜಿಯೊಬ್ಬಳು ನೆನಪಾದಳು. ಕಣ್ಣಿಗೆ ಕಸ ಬಿದ್ದರೆ ಅವಳ ಹತ್ತಿರ ಕಳಿಸುತ್ತಿದ್ದರು. ಬಾಯಿ ಮುಕ್ಕಳಿಸಿ, ನಮ್ಮ ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯನ್ನು ಕಣ್ಣೊಳಗೆ ಒಂದು ಸುತ್ತು ಆಡಿಸಿ, ಅಂಗೈಗೆ ಉಗುಳಿ ತೋರಿಸುತ್ತಿದ್ದಳು. ಒಮ್ಮೆ ಮರಳಿನ ಹರಳು, ಒಮ್ಮೆ ಜೋಳದ ಸುಂಕು. ಬೆಚ್ಚಗಿನ, ಒರಟು ನಾಲಿಗೆ. ಅದರ ಸ್ಪರ್ಶ ಇನ್ನೂ ಮರೆತಿಲ್ಲ. ಈಗ ಯಾರ ಕಣ್ಣಿಗೂ ಹೀಗೆ ಮಾಡಿಸಿ ಎನ್ನಲಾರೆ. ಬಾಯಿಯ ನಂಜು ಕಣ್ಣಿಗೆ ಹತ್ತುತ್ತದೆ, ಗೀರಿದ ಗುಡ್ಡೆಗೆ ಅದು ಅಪಾಯ.

ಆದರೆ ಒಂದು ಪ್ರಶ್ನೆ ಬಿಡುತ್ತಿಲ್ಲ. ಅಷ್ಟು ವರ್ಷ ಅಷ್ಟು ಕಣ್ಣು ಸವರಿದ ಆ ನಾಲಿಗೆಗೆ ಎಂದಾದರೂ ಅಲುಗಾಡುವ ಕಸ ಸಿಕ್ಕಿತ್ತೇ? ಸಿಕ್ಕಿದ್ದರೆ ಅವಳು ಅದನ್ನು ಏನೆಂದು ಕರೆದಳು? ಕೇಳಲು ಅವಳಿಲ್ಲ.

*

ಹೆಸರು. ಇದೇ ನನ್ನನ್ನು ಹಿಡಿದು ಕಾಡುತ್ತಿರುವುದು.

ಅಲ್ಜೀರಿಯಾದ ಕಬೀಲಿಯಾ ಬೆಟ್ಟಗಳ ಕುರಿಗಾಹಿಗಳು ಈ ಬೇನೆಯನ್ನು ‘ಥಿಮ್ನಿ’ ಎಂದು ಕರೆಯುತ್ತಿದ್ದರು. ಎಡ್ಮಂಡ್ ಮತ್ತು ಎಟಿಯೆನ್ ಸೆರ್ಜಂ ಎಂಬ ಅಣ್ಣತಮ್ಮಂದಿರು ಅಲ್ಲಿಗೆ ಹೋಗಿ, ಕುರಿಗಾಹಿಗಳ ಕಣ್ಣು, ಮೂಗು, ಬಾಯಿಗೆ ಬೀಳುವ ಆ ಮರಿಹುಳ ಕುರಿಮೂಗಿನ ನೊಣದ್ದೇ ಎಂದು 1907ರಲ್ಲಿ ಬರೆದರು. ಲೇಖನದ ತಲೆಬರಹವೇ ‘ಥಿಮ್ನಿ’. ಆಮೇಲೆ ಸಹಾರಾದ ಬೆಟ್ಟಗಳ ತುವಾರೆಗ್ ಜನರಲ್ಲೂ ಅದೇ ಬೇನೆ ಕಂಡಿತು. ಅವರ ಮಾತಿನಲ್ಲಿ ಅದು ‘ತಮ್ನೆ’. 1913ರಲ್ಲಿ ಆ ಅಣ್ಣತಮ್ಮಂದಿರೇ ಎರಡೂ ಒಂದೇ ಎಂದು ಸಾರಿದರು. ಗಮನಿಸಬೇಕಾದದ್ದು ಕ್ರಮ. ಮೊದಲು ಕುರಿಗಾಹಿಗಳ ಬಾಯಲ್ಲಿ ಹೆಸರಿತ್ತು. ಆ ಹೆಸರಿನ ಬೆನ್ನು ಹಿಡಿದು ವಿಜ್ಞಾನ ಬಂತು.

ಹುಳ ಮೈಗೆ ಬೀಳುವ ಬೇನೆಗಳಿಗೆಲ್ಲ ಸೇರಿಸಿ ‘ಮಯಾಸಿಸ್’ ಎಂಬ ಹೆಸರು 1840ರಲ್ಲೇ ಬಂದಿತ್ತು, ಫ್ರೆಡರಿಕ್ ಹೋಪ್ ಕೊಟ್ಟದ್ದು. ಅದು ಡಾಕ್ಟರರ ಹೆಸರು. ಜನರ ಬಾಯಿಗೆ ಬೇಕಾದದ್ದು ಥಿಮ್ನಿಯಂಥ ಹೆಸರು.

ನಮ್ಮಲ್ಲಿ? 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ. ಬಳ್ಳಾರಿ ಕುರಿ ಎಂದು ಒಂದು ತಳಿಗೇ ನಮ್ಮ ಸೀಮೆಯ ಹೆಸರಿದೆ. ಹೊಳೆಗುಂಟ ಹೋದರೆ ಮೈಲಾರ. ಕುರಿಗಾಹಿಗಳ ದೇವರು, ಕರಿಕಂಬಳಿಯ ಗೊರವರು, ಭರತ ಹುಣ್ಣಿಮೆಯ ಜಾತ್ರೆ, ಕಾರಣಿಕ. ಕುರಿಯ ವಯಸ್ಸಿಗೊಂದು ಹೆಸರು, ಬಣ್ಣಕ್ಕೊಂದು ಹೆಸರು, ಕಿವಿಯ ಆಕಾರಕ್ಕೊಂದು ಹೆಸರು ಇಟ್ಟ ಜನ ನಾವು. ಕುರಿಯಿಂದ ಕಾಯುವವನ ಕಣ್ಣಿಗೆ ಬರುವ ಈ ಬೇನೆಗೆ ಒಂದು ಹೆಸರು ನನಗೆ ಇನ್ನೂ ಸಿಕ್ಕಿಲ್ಲ. ಕೇಳಿದವರೆಲ್ಲ ‘ನುಸಿ ಬೀಳತೈತ್ರಿ’ ಎಂದರು. ಒಬ್ಬ ಮುದುಕ ‘ಕುರಿನೊಣ ಹೊಡಿತೈತಿ’ ಅಂದ. ಅದನ್ನು ಎರಡು ಸಲ ಬರೆದುಕೊಂಡೆ.

*

ಹೆಸರು ಹೇಗೆ ಬರುತ್ತದೆ ಎಂಬುದಕ್ಕೆ ಇನ್ನೊಂದು ನೊಣದ ಉದಾಹರಣೆ.

ಊಜಿ. ರೇಷ್ಮೆಹುಳದ ಮೈಮೇಲೆ ಮೊಟ್ಟೆಯಿಡುವ ನೊಣ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಕರ್ನಾಟಕಕ್ಕೆ ಕಾಲಿಟ್ಟಿತು. ಅದಕ್ಕೆ ಮೊದಲು ಆ ಪದವೇ ನಮ್ಮ ರೈತರಿಗೆ ಗೊತ್ತಿರಲಿಲ್ಲ. ಈಗ ರಾಮನಗರ, ಕೋಲಾರ, ಶಿಡ್ಲಘಟ್ಟ ಎಲ್ಲಿಗೆ ಹೋದರೂ ಹುಳದ ಮನೆಯ ಕಿಟಕಿಗೆ ನೈಲಾನ್ ಪರದೆ. ಕೇಳಿದರೆ ಚಿಕ್ಕ ಹುಡುಗರೂ ಹೇಳುತ್ತಾರೆ, ಊಜಿ ಬರ್ತದೆ ಅಂತ. ಹುಳದ ಮೈಮೇಲೆ ಒಂದು ಕರಿ ಚುಕ್ಕಿ ಕಂಡರೆ ಸಾಕು, ಗುರುತಿಸುತ್ತಾರೆ.

ಹೊರಗಿನಿಂದ ಬಂದ ಪದ, ಹೊರಗಿನಿಂದ ಬಂದ ನೊಣ, ಕೆಲವೇ ವರ್ಷಗಳಲ್ಲಿ ಮನೆಮಾತು. ಯಾಕೆಂದರೆ ಗೂಡಿನ ದರಕ್ಕೆ ಪೆಟ್ಟು ಬಿತ್ತು, ಇಲಾಖೆ ಊರೂರಿಗೆ ಹೋಗಿ ಹೇಳಿತು. ರೇಷ್ಮೆಹುಳವನ್ನು ಕಾಯಲು ಇಷ್ಟೆಲ್ಲ ಮಾಡಿದ್ದೇವೆ. ಕುರಿ ಕಾಯುವವರ ಕಣ್ಣಿಗಾಗಿ ಒಂದು ಪದವನ್ನೂ ಕೊಟ್ಟಿಲ್ಲ.

*

ಅಪರೂಪದ ಬೇನೆ ಎಂದು ಓದಿದಲ್ಲೆಲ್ಲ ಬರೆದಿದೆ. ನನಗೆ ಆ ಮಾತಿನ ಮೇಲೆ ನಂಬಿಕೆ ಕಡಿಮೆಯಾಗುತ್ತಿದೆ.

ಭಾರತದ ಒಂದೊಂದೇ ವರದಿ ಹುಡುಕಿದೆ. ಮೀರತ್‌ನಿಂದ 2009ರಲ್ಲಿ ಒಂದು. ಹೈದರಾಬಾದಿನಿಂದ 2010ರಲ್ಲಿ ಒಂದು, ಅದರಲ್ಲಿ ಕರಿಗುಡ್ಡೆಗೂ ಪೆಟ್ಟಾಗಿತ್ತು. ಎಲ್ಲವೂ ಒಬ್ಬೊಬ್ಬರ ಕಣ್ಣು. ಆಮೇಲೆ 2013ರಲ್ಲಿ ತಿರುನೆಲ್ವೇಲಿಯಿಂದ ಒಂದು ವರದಿ: ಹತ್ತು ಜನರ ಕತೆ, ಒಂದೇ ಕಡೆ. ತಿರುನೆಲ್ವೇಲಿಯಲ್ಲಿ ಮಾತ್ರ ನೊಣಗಳು ಹೆಚ್ಚಾಗಿದ್ದವೇ? ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಯಾರೋ ಕೆಂಪು ಕಣ್ಣಿನ ರೆಪ್ಪೆಯನ್ನು ಮಡಚಿ ನೋಡುವುದನ್ನು ರೂಢಿ ಮಾಡಿಕೊಂಡರು. ನೋಡಿದರು, ಆದ್ದರಿಂದ ಕಂಡಿತು.

ಹಲವಾಗಲಿನವರ ಕಣ್ಣಿಗೆ ಬಿದ್ದರೆ ಎಲ್ಲಿ ಬರೆಯಲ್ಪಡುತ್ತದೆ? ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಣ್ಣು ನೋಯುವವರು ಜಿಲ್ಲೆ ನೋಡಿ ಹೋಗುವುದಿಲ್ಲ, ಬಸ್ಸು ನೋಡಿ ಹೋಗುತ್ತಾರೆ. ದಾವಣಗೆರೆ, ಹೊಳೆಯಾಚೆಯ ರಾಣೆಬೆನ್ನೂರು, ಇನ್ನೂ ದೂರದ ಹುಬ್ಬಳ್ಳಿ. ಕುರಿಯವರಂತೂ ಇವತ್ತು ಇಲ್ಲಿ, ಮುಂದಿನ ವಾರ ಎಲ್ಲೋ. ಯಾವ ರಿಜಿಸ್ಟರಿನಲ್ಲೂ ಅವರು ಎರಡು ಸಲ ಇರುವುದಿಲ್ಲ. ಮರುದಿನ ಮತ್ತೆ ಬಂದು ತೋರಿಸಿ ಎಂದು ಚೀಟಿಯಲ್ಲಿ ಬರೆದರೆ, ಮರುದಿನ ಮಂದೆಯನ್ನು ಯಾರ ಕೈಗೆ ಕೊಟ್ಟು ಬರುವುದು?

*

ಮುದುಕನ ಜೊತೆ ಮತ್ತೆ ಮಾತು.

ಕಣ್ಣಿಗೆ ಹೊಡೆದರೆ ಏನು ಮಾಡುತ್ತೀರಿ ಎಂದೆ. ನೀರು ಸೋಕಿಸುತ್ತೇವೆ, ಬಟ್ಟೆಯ ತುದಿ ಸುತ್ತಿ ತೆಗೆಯುತ್ತೇವೆ, ಹರಳೆಣ್ಣೆ ಬಿಡುತ್ತೇವೆ, ಎರಡು ಮೂರು ದಿನ ಉರಿದು ಹೋಗುತ್ತದೆ ಅಂದ. ನೀರು ಸರಿ. ಉಜ್ಜಬೇಡಿ, ಸೊಪ್ಪಿನ ರಸ, ಎಣ್ಣೆ ಬಿಡಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಹೋದಾಗ ‘ನುಸಿ ಬಿತ್ತು’ ಅಂತಷ್ಟೇ ಹೇಳದೆ ‘ಕುರಿನೊಣ ಹೊಡೀತು, ಒಳಗ ಹರದಾಡತೈತಿ’ ಅಂತಲೇ ಹೇಳಿ ಎಂದೆ. ಆತ ಆ ಮಾತನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡ. ಪಕ್ಕದಲ್ಲಿದ್ದ ಹುಡುಗನಿಗೂ ಹೇಳಿಸಿದ.

ಗೆಳೆಯನಿಗೂ ಫೋನು ಮಾಡಿದೆ. ಕೆಂಪು ಕಣ್ಣಿನವರು ಬಂದರೆ ‘ಹತ್ತಿರದಲ್ಲಿ ಕುರಿ ಇದ್ದವೇ?’ ಎಂದು ಒಂದು ಪ್ರಶ್ನೆ ಕೇಳಿಬಿಡು ಎಂದೆ. ಈಗಾಗಲೇ ಕೇಳಲು ಶುರುಮಾಡಿದ್ದಾನೆ.

*

ಕೊನೆಯ ದಿನ. ನಾಳೆ ಮಂದೆ ಹೊಳೆಗುಂಟ ಮುಂದಕ್ಕೆ ಹೋಗುತ್ತದೆ.

ಹತ್ತೂವರೆಯಿಂದ ಬದುವಿನ ಮೇಲೆ ಕೂತಿದ್ದೇನೆ. ಹನ್ನೊಂದೂ ನಲವತ್ತಕ್ಕೆ ಮೊದಲ ಕುರಿ ಕಾಲು ಬಡಿಯಿತು. ಹನ್ನೊಂದೂ ನಲವತ್ತೈದಕ್ಕೆ ಎಲ್ಲವೂ ಮುದ್ದೆ. ಮೂಗುಗಳು ಒಳಗೆ. ಬಿಸಿಲು ನೇರ ನೆತ್ತಿಯ ಮೇಲೆ.

ಹನ್ನೆರಡೂ ಹತ್ತಕ್ಕೆ ರಾಣೆಬೆನ್ನೂರು ಕಡೆಯಿಂದ ದೊಡ್ಡದೊಂದು ಮೋಡ ಬಂದು ಸೂರ್ಯನ ಮೇಲೆ ನಿಂತಿತು. ಹೊಲದ ಬಣ್ಣ ಇಳಿಯಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಅಂಚಿನ ಕುರಿಯೊಂದು ಮಣ್ಣಿನಿಂದ ಮೂಗು ಎತ್ತಿತು. ಮೂಗಿನ ತುಂಬ ಕೆಂಪು ಧೂಳು. ಸೀನಿತು. ಮತ್ತೊಂದು ಎತ್ತಿತು. ಮುದ್ದೆ ಸಡಿಲವಾಗಿ, ಮುಖಗಳು ಒಂದೊಂದೇ ಹೊರಗೆ ಬಂದು, ಮಂದೆ ಹರಡಿ ದಂಟಿನ ಎಲೆ ಮೇಯತೊಡಗಿತು. ಮೋಡ ಕವಿದಾಗ ನೊಣ ಹಾರುವುದು ಕಡಿಮೆ ಎಂದು ಓದಿದ್ದೆ. ಕುರಿಗಳಿಗೆ ಓದದೆ ಗೊತ್ತು.

ಹನ್ನೆರಡೂ ಇಪ್ಪತ್ತಾರು. ಮೋಡದ ಅಂಚು ಹರಿಯಿತು. ಬಿಸಿಲು ಹೊಳೆಯ ಮೇಲೆ ಬಿತ್ತು, ಗದ್ದೆ ದಾಟಿತು, ನಮ್ಮ ಹೊಲಕ್ಕೆ ಬಂತು. ಕಾಲು ಬಡಿದ ಸದ್ದು. ತಲೆಗಳು ಮತ್ತೆ ಕೆಳಗೆ. ಮುದುಕ ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನ ತಲೆಗೆ ಹೊದಿಸಿ, ಹಣೆಯ ಮುಂದಕ್ಕೆ, ಕಣ್ಣಿನ ಮೇಲೆ ನೆರಳಾಗುವಷ್ಟು ಎಳೆದ. ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ.